ರೆನಾತಾಳಿಗೆ ಹೇಳಿದ್ದು

ರೆನಾತಾ ಕ್ಯಾಮೆರಾದವರೊಂದಿಗೆ ಮನೆಗೆ ಬರತೊಡಗಿದ ಮೇಲೆ ಯಾದ್ವಿಗಾಳ ಗಂಡ ಜೆನೊನ್ ದಿನವೂ ಗಡ್ಡ ಹೆರೆಯುತ್ತಿದ್ದ. ಎಪ್ಪತ್ತೆರಡರ ಚಳಿಗಾಲ. ವೂಚ್ ನಗರದ ಬಟ್ಟೆ ಗಿರಣಿಯ ಕುಡುಕರ ಮೇಲೆ ಸಾಕ್ಷ್ಯಚಿತ್ರ ಮಾಡಲು ರಾಜಧಾನಿ ವಾರ್ಸಾದಿಂದ ಬಂದಿದ್ದಳು ರೆನಾತಾ; ಆ ಕುಡುಕರಲ್ಲಿ ಜೆನೊನ್ ಒಬ್ಬ.

"ಮದುವೆ ದಿನಾನೂ ನಿನ್ ಗಂಡ ಇಷ್ಟು ನೀಟಾಗಿರ್ಲಿಲ್ಲ ಬಿಡು," ಎಂದು ಪಕ್ಕದ ಮನೆಯ ಬಾರ್ಬರಾ ಚುಚ್ಚಿದಳು.

"ಹೀರೋ ಅಲ್ವಾ!" ಎಂದು ಯಾದ್ವಿಗಾ ನಕ್ಕು, ಬಾಗಿಲನ್ನು ದಢಾರನೆ ಹಾಕಿಕೊಂಡಳು. ಚಿತ್ರೀಕರಣದಲ್ಲಿ ಪಾತ್ರೆಯ ಸದ್ದು ಬರುತ್ತದೆಂದು ಅವಳನ್ನು ಅವಳದೇ ಅಡುಗೆಮನೆಯಿಂದ ಹೊರಗೆ ಕಳಿಸುತ್ತಿದ್ದರು. ವೋಡ್ಕಾ ಕುಡಿದು ಗೋಡೆಗೆ ಮುಖ ಮಾಡಿ ಮಲಗುವ ಗಂಡ ಒಳಗೆ ಆ ಹೆಂಗಸಿನೆದುರು ಮಾತಾಡುತ್ತಲೇ ಇರುತ್ತಿದ್ದ.

ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ "ನಮ್ ಹಾನ್ಯಾ" ಎಂದದ್ದು ಕೇಳಿಸಿತು. ಮಗಳನ್ನು ಮಣ್ಣು ಮಾಡಿ ಬಂದಮೇಲೆ ಆ ಹೆಸರನ್ನು ಅವನು ಹೆಂಡತಿಯ ಮುಂದೆ ಎತ್ತಿದ್ದೇ ಇಲ್ಲ. ಯಾದ್ವಿಗಾ ಒಳನುಗ್ಗಿದಳು.

"ನಾನು ಗೋಗರೆದ್ರೂ ಬಾಯಿ ಬಿಡ್ಲಿಲ್ಲ. ಇವಳಿಗೆ ಹೇಳ್ತೀಯಾ?"

ನಿಲ್ಲಿಸಬೇಡ ಎಂದು ರೆನಾತಾ ಕ್ಯಾಮೆರಾದವನಿಗೆ ಸನ್ನೆ ಮಾಡಿದಳು. ಯಾದ್ವಿಗಾ ಎಲ್ಲರನ್ನೂ ಹೊರಗಟ್ಟಿದಳು. ಜೆನೊನ್ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ.

ವಸಂತದಲ್ಲಿ, ಒಂದು ಭಾನುವಾರ, ಗಿರಣಿಯ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಅಂದು ಯಾದ್ವಿಗಾ ಒಳನುಗ್ಗುವ ಮುಂಚೆಯೇ ತೆಗೆದದ್ದು; ಪರದೆಯ ಮೇಲೆ ಜೆನೊನ್ ಹೇಳುತ್ತಿದ್ದ: "ಹಾನ್ಯಾಗೆ ಜ್ವರ ಏರಿತ್ತು. ಡಾಕ್ಟರನ್ನ ಕರ್ಕೊಂಡು ಬಾ ಅಂತ ಹೆಂಡ್ತಿ ಕಳಿಸಿದ್ಲು. ದಾರೀಲಿ ಒಂದೇ ಗ್ಲಾಸ್ ಅಂತ ಕೂತೆ. ಡಾಕ್ಟರು ಸಿಗ್ಲಿಲ್ಲ ಅಂತ ಅವಳಿಗೆ ಸುಳ್ಳು ಹೇಳ್ದೆ."

ಜನ ರೆನಾತಾಳಿಗೆ ಹೂವು ಕೊಟ್ಟರು. ಯಾದ್ವಿಗಾಳನ್ನು ಆ ಸುಳ್ಳಿಗಿಂತ ಹೆಚ್ಚು ಸುಟ್ಟದ್ದು ಇನ್ನೊಂದು: ತಾನು ಮಾಡಿಕೊಟ್ಟ ಚಹಾ ಕುಡಿದ ಹೆಂಗಸಿಗೆ ಇದು ತನಗಿಂತ ಮೊದಲೇ ಗೊತ್ತಿತ್ತು.

ಟ್ರಾಮ್ ನಿಲ್ದಾಣದಲ್ಲಿ ಗಂಡನನ್ನು ಕೇಳಿದಳು, "ನಂಗ್ಯಾಕೆ ಹೇಳ್ಲಿಲ್ಲ?"

"ಅವಳು ಕೇಳ್ಕೊಂಡು ಊರಿಗೆ ಹೋಗ್ತಾಳೆ. ನಿನ್ ಮುಖ ನಾನು ದಿನಾ ನೋಡ್ಬೇಕಲ್ಲ."

"ಮೊದ್ಲಿಂದ ಹೇಳು. ಅವಳಿಗೆ ಹೇಳ್ದೇ ಇದ್ದಿದ್ದೂ ಸೇರಿಸಿ."

ಟ್ರಾಮ್ ಬಂತು, ಹೋಯಿತು. ಜೆನೊನ್ ಹೇಳುತ್ತಾ ಹೋದ. ಕೊನೆಗೆ ತಡೆದು ತಡೆದು ಹೇಳಿದ: "ಅವತ್ತು ಬೆಳಿಗ್ಗೆ ಹಾನ್ಯಾಗೆ ಅಂತ ಕ್ಯೂ ನಿಂತು, ಅಪರೂಪಕ್ಕೆ ಬಂದ ಕಿತ್ತಳೆ ಒಂದು ತಗೊಂಡಿದ್ದೆ. ಅದನ್ನೂ ಅಲ್ಲಿದ್ದ ಗೆಳೆಯರೆಲ್ಲ ಸೇರಿ ವೋಡ್ಕಾ ಜೊತೆ ತಿಂದ್ಬಿಟ್ವಿ. ಇದನ್ನ ಅವಳಿಗೆ ಹೇಳಿಲ್ಲ."

ಯಾದ್ವಿಗಾ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಅವನ ಕೋಟನ್ನೇ ಹಿಡಿದು ಅತ್ತಳು. ಅತ್ತು ಮುಗಿಸಿ, ತಿರುಗಿ ನೋಡದೆ ಮನೆಯತ್ತ ನಡೆದಳು. ಅವನು ದೂರದಿಂದ ಹಿಂಬಾಲಿಸಿದ. ಮನೆಯೊಳಗೆ ಹೋಗಿ ಚಿಲಕ ಹಾಕಬೇಕೆಂದು ಬಾಗಿಲವರೆಗೆ ಕೈ ಒಯ್ದವಳು ಹಾಕಲಿಲ್ಲ; ಅವನು ಇನ್ನೂ ಬರುತ್ತಿದ್ದ.