ಕಾಯದವನ ವಿಸ್ಕಿ

ರಘೋತ್ತಮನಿಗೆ ಕಾಯುವುದೆಂದರೆ ಮೈಯೆಲ್ಲ ತುರಿಕೆ. ಮೌಂಟನ್ ವ್ಯೂನ ಕಂಪನಿಯಲ್ಲಿ ಅವನ ಕೆಲಸವೇ ವೆಬ್ ಪುಟಗಳು ಕಣ್ಣು ಮಿಟುಕಿಸುವುದರೊಳಗೆ ತೆರೆಯುವಂತೆ ನೋಡಿಕೊಳ್ಳುವುದು. ಮನೆಯಲ್ಲೂ ಅಷ್ಟೇ, ದೋಸೆ ಕಾವಲಿ ಬಿಡುವ ಮೊದಲೇ ಎಬ್ಬಿಸಲು ಹೋಗಿ ಚಿಂದಿ ಮಾಡಿ ತಿನ್ನುವವನು. ಇಂಥವನು ಮುಸುಕಿನ ಜೋಳದ ವಿಸ್ಕಿ ಮಾಡಲು ಹೊರಟದ್ದು ಶೇಷಗಿರಿಯ ದೆಸೆಯಿಂದ.

ಶೇಷಗಿರಿ ಪಾಲೋ ಆಲ್ಟೋದಲ್ಲಿ ಹೃದಯದ ಡಾಕ್ಟರು, ರಘೋತ್ತಮನ ಜೊತೆ ಮೈಸೂರಿನಲ್ಲಿ ಹೈಸ್ಕೂಲು ಓದಿದವನು. ಮನೆಗೆ ಬಂದವರಿಗೆ ದೇವರ ಕೋಣೆಗಿಂತ ಮೊದಲು ಬಾಟಲಿಗಳ ಕಪಾಟು ತೋರಿಸುತ್ತಿದ್ದ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಇದರಲ್ಲಿ ಒಣದ್ರಾಕ್ಷಿ ಇದೆ, ಹಳೇ ಚರ್ಮದ ವಾಸನೆ ಇದೆ ಎನ್ನುತ್ತಿದ್ದ. ಹಳೇ ಚರ್ಮಕ್ಕೆ ಇಷ್ಟು ಮರ್ಯಾದೆ ಸಿಗುವುದಾದರೆ ತಾನೂ ಒಂದು ಕೈ ನೋಡೋಣವೆಂದು ರಘೋತ್ತಮ ತಾಮ್ರದ ಭಟ್ಟಿ ಪಾತ್ರೆ ತರಿಸಿದ. ಮನೆಯಲ್ಲಿ ಭಟ್ಟಿ ಇಳಿಸುವುದು ಈ ದೇಶದಲ್ಲಿ ಅಪರಾಧವೆಂದು ಹೆಂಡತಿ ವಿಭಾ ಎಚ್ಚರಿಸಿದಳು. ಪೆಟ್ಟಿಗೆಯ ಮೇಲೆ ಲ್ಯಾವೆಂಡರ್ ಎಣ್ಣೆ ತೆಗೆಯುವ ಪಾತ್ರೆ ಎಂದು ಬರೆದಿದೆಯಲ್ಲ ಎಂದು ಅವನು ವಾದಿಸಿದ. ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಲ್ಯಾವೆಂಡರಿನ ಒಂದು ಎಸಳೂ ಕಾಣಲಿಲ್ಲ. ಜೋಳದ ಗಂಜಿ ಹುಳಿತು ಬುಸುಗುಟ್ಟಿತು, ಕೊಳವೆಯ ತುದಿಯಿಂದ ನೀರಿನಂಥ ದ್ರವ ತೊಟ್ಟಿಕ್ಕಿತು.

ಅದೇ ಶನಿವಾರ ಶೇಷಗಿರಿಯನ್ನು ಕರೆಸಿ ಕೊಟ್ಟ. ಒಂದು ಗುಟುಕು ಇಳಿದದ್ದೇ ಹೃದಯದ ಡಾಕ್ಟರ್ ತನ್ನ ಎದೆಯನ್ನೇ ಒತ್ತಿ ಹಿಡಿದುಕೊಂಡ.

"ಸುಟ್ಟ ಓಕ್ ಮರದ ಚಕ್ಕೆ ಹಾಕಿ ಮುಚ್ಚಿಡು ಕಣೋ," ಎಂದ ಸುಧಾರಿಸಿಕೊಂಡು. "ಒಂದು ವರ್ಷ ಮುಟ್ಟಬೇಡ. ಇದರ ಸಿಟ್ಟೆಲ್ಲ ತಾನಾಗೇ ಇಳಿಯತ್ತೆ."

"ಒಂದು ವರ್ಷಾನಾ? ಅಷ್ಟರಲ್ಲಿ ಆಫೀಸಲ್ಲಿ ನನ್ನ ಮ್ಯಾನೇಜರೇ ಎರಡು ಸಲ ಬದಲಾಗಿರ್ತಾನೆ."

ಓಕ್ ಚಕ್ಕೆಯನ್ನೇನೋ ಹಾಕಿದ, ಆದರೆ ಸುಮ್ಮನಿರಲು ಆಗಲಿಲ್ಲ. ಚೆನ್ನಾಗಿ ಕುಲುಕಲೆಂದು ಜಾಡಿಗಳನ್ನು ಬಟ್ಟೆ ಒಣಗಿಸುವ ಮೆಷಿನ್ನಿನ ಮೇಲೆ ಕೂರಿಸಿದ. ಬೇಸಿಗೆ, ಚಳಿಗಾಲಗಳೆಲ್ಲ ಒಂದೇ ವಾರದಲ್ಲಿ ಮುಗಿಯಲೆಂದು ಬಿಸಿಲಿಗಿಟ್ಟ, ಫ್ರಿಜ್ಜಿಗಿಟ್ಟ, ಮತ್ತೆ ಬಿಸಿಲಿಗಿಟ್ಟ. ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪನ್ನೂ ಒಳಗೆ ಬಿಟ್ಟ. ದಿನವೂ ಮುಚ್ಚಳ ತೆಗೆದು ರುಚಿ ನೋಡಿದ. ಬಣ್ಣವೇನೋ ಕಂದಾಯಿತು, ರುಚಿ ಮಾತ್ರ ಮೇಜು ಕುರ್ಚಿಗೆ ಬೆಂಕಿ ಬಿದ್ದಂತಿತ್ತು. ಶನಿವಾರ ಬಂತೆಂದರೆ ಗೆಳೆಯರೆಲ್ಲ ಮಕ್ಕಳ ಸಾಕರ್ ಮ್ಯಾಚಿದೆ ಎನ್ನತೊಡಗಿದರು. ಮಕ್ಕಳಿಲ್ಲದವರೂ ಅಂದರು.

ಅಷ್ಟರಲ್ಲಿ, ಹೊಗೆ ಅಲಾರಮ್ಮು ನೋಡಲು ಜನ ಕಳಿಸುತ್ತೇನೆಂದು ಮನೆ ಮಾಲೀಕನ ಇಮೇಲ್ ಬಂತು. ರಘೋತ್ತಮ ಆಫೀಸಿಗೆ ಹೋಗಿದ್ದಾಗ ವಿಭಾ ಭಟ್ಟಿ ಪಾತ್ರೆಯನ್ನು ಗುಜರಿಗೆ ಹಾಕಿದಳು. ಜಾಡಿಗಳನ್ನು ಚೆಲ್ಲಲು ಯಾಕೋ ಮನಸ್ಸು ಬರಲಿಲ್ಲ. ಕೊಲ್ಲಿಯ ಸೇತುವೆಯಾಚೆ ಹೇವರ್ಡಿನಲ್ಲಿದ್ದ ತಂಗಿ ನಿಸರ್ಗಾಳ ಮನೆಗೆ ಒಯ್ದು, ರಘು ಮಾಡಿದ ಕಷಾಯ ಎಂದು ಹೇಳಿ ಪ್ಯಾಂಟ್ರಿಯ ಕತ್ತಲೆ ಮೂಲೆಗೆ ತಳ್ಳಿ ಬಂದಳು. ಗಂಡನಿಗೆ ಎಲ್ಲ ಸಿಂಕಿಗೆ ಸುರಿದೆನೆಂದಳು. ಅವನು ಒಂದೆರಡು ದಿನ ಮಾತು ಬಿಟ್ಟ, ಆಮೇಲೆ ಸೈಕಲ್ ಕೊಂಡು ವಿಸ್ಕಿಯನ್ನು ಮರೆತ.

ಮರುವರ್ಷ ದೀಪಾವಳಿಯ ಊಟ ನಿಸರ್ಗಾಳ ಮನೆಯಲ್ಲಿ. ಶೇಷಗಿರಿಯೂ ಬಂದಿದ್ದ. ವಿಭಾ ಒಂದು ಜಾಡಿಯಿಂದ ಗಾಜಿನ ಹೂಜಿಗೆ ಸೋಸಿ, ಏನೂ ಹೇಳದೆ ಅವನ ಮತ್ತು ಗಂಡನ ಮುಂದಿಟ್ಟಳು. ಶೇಷಗಿರಿ ಮುಚ್ಚಿದ ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು. ಬೆಲ್ಲದ ಪಾಕ, ಹುರಿದ ಜೋಳ, ಕೊನೆಯಲ್ಲಿ ಏಲಕ್ಕಿಯಂಥದ್ದೇನೋ ಇದೆ ಎಂದ. ರಘೋತ್ತಮನ ಮುಖದಲ್ಲಿ ಭಕ್ತಿ ಮೂಡಿತು.

"ಇದು ನೋಡು, ತಾಳ್ಮೆ ಇರೋರ ಕೈಕೆಲಸ," ಎಂದು ಶುರುಮಾಡಿದವನು, ಮರ ಹೇಗೆ ಉಸಿರಾಡುತ್ತದೆ, ಕಾಲ ಹೇಗೆ ಕಹಿಯನ್ನು ಕಳೆಯುತ್ತದೆ ಎಂದು ಎಲೆ ಮುಂದೆ ಕೂತವರಿಗೆಲ್ಲ ಉಪನ್ಯಾಸ ಕೊಟ್ಟ. ಹಿಂದೆ ತಾನು ಮಾಡಿದ್ದು ಇದರ ಮುಂದೆ ಫಿನಾಯಿಲು ಎಂದೂ ಒಪ್ಪಿಕೊಂಡ.

ಚಕ್ಕುಲಿ ತಟ್ಟೆ ಹಿಡಿದು ಬಂದ ಗುಲಾಬಿಯಮ್ಮ ಹೂಜಿಯನ್ನು ಮೂಸಿ ನೋಡಿದರು. ಮಂಗಳೂರಿನವರಾದ ಅವರು ನಿಸರ್ಗಾಳ ಅತ್ತೆ.

"ಇದು ನನ್ನ ಕೆಮ್ಮಿನ ಮದ್ದಲ್ವಾ ವಿಭಾ? ನಿನ್ನ ಗಂಡ ಮಾಡಿದ್ದು?"

ವಿಭಾ ಎದ್ದು ಅವರ ಕೈಯಿಂದ ಚಕ್ಕುಲಿ ತಟ್ಟೆ ಇಸಿದುಕೊಂಡಳು.

"ಮೊದಲು ಒಂದು ಚಮಚ ತಗೊಂಡಾಗ ಗಂಟಲೇ ಹರಿದ ಹಾಗೆ ಆಯ್ತು ಮಾರಾಯ," ಎಂದರು ಅವರು ರಘೋತ್ತಮನಿಗೆ. "ಶಿವರಾತ್ರಿ ಹೊತ್ತಿಗೆ ಸ್ವಲ್ಪ ಸಾಧು ಆಯ್ತು. ಚೌತಿಗಾಗುವಾಗ ಕೆಮ್ಮು ಪೂರಾ ಹೋಯ್ತು. ಆದ್ರೆ ಮದ್ದು ಬಿಡ್ಲಿಕ್ಕೆ ಮನಸ್ಸಾಗ್ಲಿಲ್ಲ."

ರಘೋತ್ತಮನೊಳಗೆ ನಾಚಿಕೆಗೂ ಜಂಬಕ್ಕೂ ಸ್ವಲ್ಪ ಹೊತ್ತು ಕುಸ್ತಿ ನಡೆದು ಜಂಬ ಗೆದ್ದಿತು. ಹೇವರ್ಡಿನಲ್ಲಿ ಇಡಿಸಿದ್ದು ತನ್ನದೇ ಯೋಜನೆ ಎಂಬರ್ಥದಲ್ಲಿ ಏನೋ ಗೊಣಗಿದ, ವಿಭಾಳ ಕಡೆ ಮಾತ್ರ ತಿರುಗಲಿಲ್ಲ. ಎದ್ದು ಪ್ಯಾಂಟ್ರಿಯಲ್ಲಿ ಹುಡುಕಿದರೆ ಉಳಿದಿದ್ದದ್ದು ಒಂದೇ ಜಾಡಿ. ಅದನ್ನು ಮನೆಗೆ ಒಯ್ಯುವುದಾಗಿ ಹೇಳಿದ.

ಗುಲಾಬಿಯಮ್ಮ ಇಷ್ಟು ದಿನ ತೆಗೆದುಕೊಂಡ ಮದ್ದನ್ನು ತಟ್ಟನೆ ನಿಲ್ಲಿಸಬಹುದೇ ಎಂದು ಶೇಷಗಿರಿಯನ್ನು ಕೇಳಿದರು. ಶೇಷಗಿರಿ ಗಂಭೀರನಾಗಿ ಅವರ ನಾಡಿ ಹಿಡಿದು ನೋಡಿದ. ಕೂಡದು ಎಂದ. ಜಾಡಿ ಇಲ್ಲೇ ಇರಲಿ, ಪ್ರತಿ ಶನಿವಾರ ತಾನೇ ಸೇತುವೆ ದಾಟಿ ಬಂದು ಕೆಮ್ಮು ಹೇಗಿದೆ ಎಂದು ನೋಡಿಕೊಂಡು ಹೋಗುತ್ತೇನೆ ಎಂದು ಹೇಳಿ, ಖಾಲಿ ಗ್ಲಾಸನ್ನು ವಿಭಾಳ ಕಡೆಗೆ ಸರಿಸಿದ.