ರಾಜೀನಾಮೆಯ ತಾರೀಖು

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುವುದು ಒಬ್ಬರ ಕೆಲಸವಲ್ಲ. ಬಿಸಿ ರೋಲರಿನ ಬಾಯಿಂದ ಅದು ಹೊರಬೀಳುತ್ತಿದ್ದಂತೆ ಇಬ್ಬರು ಎರಡೆರಡು ಮೂಲೆ ಹಿಡಿದು, ಎಳೆದು, ಕೊಡವಿ, ಒಬ್ಬರ ಕಡೆ ಒಬ್ಬರು ನಡೆದು ಬರಬೇಕು. ಮೂಲೆಗಳು ಕೈ ಬದಲಾಯಿಸುತ್ತವೆ, ಮತ್ತೆ ದೂರ. ದಿನಕ್ಕೆ ಆರುನೂರು ಸಲ. ನಾಲ್ಕು ವರ್ಷದಿಂದ ನನ್ನ ಎದುರು ನಿಂತವಳು ದೊಡ್ಡಕ್ಕ. ಯಾರಿಗೂ ಅಕ್ಕನಲ್ಲ, ಲಾಂಡ್ರಿಗೆಲ್ಲ ದೊಡ್ಡಕ್ಕ. ನನ್ನನ್ನು ಅವಳು ಕತೆಗಾತಿ ಎನ್ನುತ್ತಿದ್ದಳು. ಅಜ್ಜಿ ನನಗೆ ಹೇಳಿದ ಕತೆಗಳನ್ನು ನಾನು ಬಟ್ಟೆಯ ಜೊತೆಗೇ ಮಡಚುತ್ತಿದ್ದೆ. ಅವಳು ಹತ್ತಿರ ಬಂದಾಗ ಒಂದು ವಾಕ್ಯ, ಮತ್ತೆ ಬಂದಾಗ ಇನ್ನೊಂದು. ರಾಜಕುಮಾರಿ ಒಂದು ಸಮುದ್ರ ದಾಟಬೇಕಾದರೆ ಒಂದಿಡೀ ವಾರ್ಡಿನ ಬಟ್ಟೆ ಮುಗಿಯಬೇಕಿತ್ತು.

ನನ್ನ ಗಂಡನಿಗೆ ದೂರದ ಊರಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ಅವನು ಮುಂದಾಗಿ ಹೋದ. ಹೆರಿಗೆಯಾದ ಮೇಲೆ ನಾನೂ ಕೂಸೂ ಅಲ್ಲಿಗೆ. ಇಲ್ಲಿ ಕೂಸು ನೋಡಿಕೊಳ್ಳುವವರಿಲ್ಲ. ಹಾಗಾಗಿ ನಾನು ಲಾಂಡ್ರಿಗೆ ಮರಳಿ ಬರುವ ಮಾತೇ ಇರಲಿಲ್ಲ. ದೊಡ್ಡಕ್ಕನಿಗೆ ಹೇಳಿದೆ.

"ಬಿಡೋದಾದ್ರೆ ಮೊದಲೇ ಬರ್ದುಕೊಡೇ" ಅಂದಳು. "ಕಾಯೋರ ಪಟ್ಟೀಲಿ ನನ್ನ ಮಗಳ ಹೆಸರೇ ಮೊದಲು. ಆ ಜಾಗಕ್ಕೆ ಅವಳು ಬರ್ತಾಳೆ. ಒಂಟಿ ಎತ್ತಿಗೆ ನೊಗ ಕಟ್ಟಿ ಹೋಗಬೇಡ."

ಬರೆದುಕೊಟ್ಟೆ. ತಿಂಗಳ ಮೂವತ್ತು ಕೊನೆಯ ದಿನ ಎಂದು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಅಲ್ಲಿಗೆ ಸಾಕು ಅನಿಸಿತ್ತು. ಹೆರಿಗೆ ರಜೆಯ ಸಂಬಳ ವಾಪಸ್ಸು ಬರುವವರಿಗೆ ಮಾತ್ರ ಎಂದುಕೊಂಡಿದ್ದೆ. ಬರುವುದಿಲ್ಲವೆಂದು ಗೊತ್ತಿದ್ದೂ ತೆಗೆದುಕೊಳ್ಳುವುದು, ಅಜ್ಜಿಯ ಕತೆಯಲ್ಲಿ ಕೊಟ್ಟ ಮಾತಿಗೆ ತಪ್ಪಿ ಕಲ್ಲಾದ ರಾಣಿಯ ಕೆಲಸದಂತೆ ನನಗೆ ಕಂಡಿತ್ತು.

ಹತ್ತು ದಿನಕ್ಕೆ ಗಂಡನ ಫೋನು ಬಂತು. ಮೊದಲ ಆರು ತಿಂಗಳು ಅರ್ಧ ಸಂಬಳವಂತೆ, ಸೇರಿದ ಮೇಲೆ ಹೇಳಿದರಂತೆ. ಅವನಿದ್ದ ಕೋಣೆಯಲ್ಲಿ ಐದು ಜನ ಸರದಿಯ ಮೇಲೆ ಮಲಗುತ್ತಿದ್ದರು. ಮನೆ ಹಿಡಿಯಲು ಕೈಯಲ್ಲಿ ಏನೂ ಇಲ್ಲ. "ಕೂಸು ಸ್ವಲ್ಪ ತಡವಾಗಿ ಬರೋ ಹಾಗಿದ್ದಿದ್ರೆ" ಅಂದ, ನಗಲು ನೋಡಿದ, ಆಗಲಿಲ್ಲ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಪ್ಯಾಕಿಂಗಿನ ಹೆಂಗಸು ನನ್ನ ಕತೆ ಕೇಳಿ ಚಮಚ ಕೆಳಗಿಟ್ಟಳು. "ಮಂಕೇ, ನಮ್ಮ ಅತ್ತಿಗೆ ರಜೆ ಸಂಬಳ ಪೂರ್ತಿ ತಗೊಂಡು ಆಮೇಲೆ ಬಿಟ್ಲು. ಈ ಬುದ್ಧಿ ನಿನಗೆ ಯಾರು ಕೊಟ್ರು?"

ನಾನು ಊಟ ಅರ್ಧಕ್ಕೆ ಬಿಟ್ಟು ಆಫೀಸಿಗೆ ಓಡಿದೆ. ಏಳೂವರೆ ತಿಂಗಳ ಬಸುರಿ ಓಡುವುದನ್ನು ಓಟ ಅನ್ನಬಹುದಾದರೆ.

ಗುಮಾಸ್ತರು ಫೈಲು ತೆಗೆದರು. "ಇದು ನಿಮ್ಮದೇ ಸಹಿ ತಾನೇ?"

"ಹೌದು ಸಾರ್."

"ನಿಮ್ಮ ಹೆರಿಗೆ ರಜೆ ಶುರುವಾಗೋದು ಮುಂದಿನ ತಿಂಗಳು ಹತ್ತಕ್ಕೆ, ಅದಕ್ಕೆ ಮುಂಚೆ ಇಲ್ಲ. ಆ ದಿನ ನೀವಿಲ್ಲಿ ಕೆಲಸದವರಾಗಿದ್ರೆ ಪೂರ್ತಿ ದುಡ್ಡು ನಿಮ್ಮದು. ಆಮೇಲೆ ಬರೋದು ಬಿಡೋದು ನಿಮ್ಮಿಷ್ಟ."

"ಬರಲ್ಲ ಅಂತ ಗೊತ್ತಿದ್ದೂ ತಗೋಬಹುದಾ?"

"ಅದು ಬರೋದಕ್ಕೆ ಕೊಡೋದಲ್ಲಮ್ಮ. ದುಡಿದಿದ್ದಕ್ಕೆ ಕೊಡೋದು." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಮೂವತ್ತಕ್ಕೇ ಬಿಟ್ಟಿದೀರಲ್ಲ. ನಡುವೆ ಒಂಬತ್ತು ದಿನ ಖಾಲಿ."

ಅಜ್ಜಿಯ ಕತೆಗಳಲ್ಲಿ ನಿಜ ಹೇಳಿದವಳ ಮೇಲೆ ಹೂಮಳೆ ಸುರಿಯುತ್ತದೆ. ಇಲ್ಲಿ ಗುಮಾಸ್ತರು ನನ್ನ ನಿಜಕ್ಕೆ ಎರಡು ತೂತು ಹೊಡೆದು ಫೈಲಿಗೆ ಪೋಣಿಸಿದ್ದರು.

"ತಾರೀಖು ತಿದ್ದಿಕೊಡ್ತೀನಿ ಸಾರ್. ಕಾಲಿಗೆ ಬೀಳ್ತೀನಿ."

"ಈ ಹೊಟ್ಟೇಲಿ ಬಗ್ಗಬೇಡಿ. ನಿಮ್ಮ ಜಾಗಕ್ಕೆ ಒಂದನೇ ತಾರೀಖಿಂದ ಆರ್ಡರು ಹೋಗಿಬಿಟ್ಟಿದೆ. ಒಂದು ಜಾಗಕ್ಕೆ ಇಬ್ಬರನ್ನ ಹೇಗೆ ಇಡ್ಲಿ? ಬೇರೆ ಜಾಗ ಖಾಲಿ ಇದ್ರೆ ಹೇಳಿ."

ನಾನು ಬಂದು ರೋಲರಿನ ಮುಂದೆ ನಿಂತೆ. ದೊಡ್ಡಕ್ಕ ಮೂಲೆ ಹಿಡಿದು ಬಂದಳು. ಹತ್ತಿರ ಬಂದಾಗಲೆಲ್ಲ ಒಂದೊಂದು ವಾಕ್ಯ ಹೇಳಿದೆ. ಈ ಸಲ ರಾಜಕುಮಾರಿ ಇರಲಿಲ್ಲ.

"ನಿನ್ನ ಮಗಳು ಒಂಬತ್ತು ದಿನ ತಡವಾಗಿ ಸೇರಲಿ ಅಕ್ಕ."

ಅವಳು ದೂರ ಸರಿದಳು, ಎಳೆದಳು, ಬಂದಳು. "ಒಂದನೇ ತಾರೀಖು ಬರ್ಲಿಲ್ಲ ಅಂದ್ರೆ ಪಟ್ಟೀಲಿ ಹಿಂದಿನವಳಿಗೆ ಹೋಗುತ್ತೆ. ಗಂಡ ಬಿಟ್ಟು ಹೋದಾಗಿಂದ ನನ್ನ ಮಗಳೂ ಅವಳ ಎರಡು ಮಕ್ಕಳೂ ನನ್ನ ತಟ್ಟೇಲೇ ಉಣ್ತಿದಾರೆ. ನಿನಗೆ ಒಂಬತ್ತು ದಿನ, ಅವಳಿಗೆ ಜೀವಮಾನ."

"ನಿನ್ನ ಮಾತು ಕೇಳಿ ತಾನೇ ಮೊದಲೇ ಬರ್ದುಕೊಟ್ಟಿದ್ದು."

"ಬಾವಿಗೆ ಬೀಳು ಅಂದ್ರೆ ಬೀಳ್ತಿದ್ಯಾ?"

"ಹಗ್ಗ ನೀನು ಹಿಡ್ಕೊಂಡಿದೀಯ ಅಂದ್ಕೊಂಡು ಬೀಳ್ತಿದ್ದೆ."

ಮಕ್ಕಳ ವಾರ್ಡು, ಮೂಳೆ ವಾರ್ಡು, ಹೆರಿಗೆ ವಾರ್ಡು, ಮೂರರ ಬಟ್ಟೆಯೂ ಮಾತಿಲ್ಲದೆ ಮಡಚಿ ಮುಗಿಯಿತು. ಹೆರಿಗೆ ವಾರ್ಡಿನ ಒಂದು ಬೆಡ್‌ಶೀಟಿನ ಮೇಲೆ ಹೋಗದ ಕಲೆಯಿತ್ತು. ನಾವಿಬ್ಬರೂ ಅದನ್ನು ನೋಡಿದೆವು, ಒಳಮುಖವಾಗಿ ಮಡಚಿದೆವು. ಆ ಸಂಜೆ ಮನೆಗೆ ಹೋಗಿ ನಾನು ಅತ್ತೆ. ಗೋಡೆಯಾಚೆಯವರಿಗೆ ಕೇಳದಿರಲೆಂದು ಬಾಯಿಗೆ ಸೆರಗು ತುರುಕಿಕೊಂಡು. ಒಳಗಿನದು ಒದೆಯಿತು. ಅದಕ್ಕೆ ಹೇಳಲು ನನ್ನ ಹತ್ತಿರ ಒಂದು ಕತೆಯೂ ಉಳಿದಿರಲಿಲ್ಲ.

ಎರಡು ದಿನ ಬಿಟ್ಟು ದೊಡ್ಡಕ್ಕ ನನ್ನ ರಟ್ಟೆ ಹಿಡಿದು ಆಫೀಸಿಗೆ ಕರೆದೊಯ್ದಳು.

"ಸಾರ್, ಒಂದರಿಂದ ಒಂಬತ್ತರವರೆಗೆ ನನಗೆ ಸಂಬಳ ಇಲ್ಲದ ರಜೆ ಹಾಕಿ. ನನ್ನ ಜಾಗದಲ್ಲಿ ಮಗಳು ನಿಲ್ತಾಳೆ, ಇವಳ ಜಾಗದಲ್ಲಿ ಇವಳೇ ಇರ್ತಾಳೆ. ಹತ್ತಕ್ಕೆ ಇವಳು ರಜೆಗೆ ಹೋಗ್ತಾಳೆ, ನಾನು ವಾಪಸ್ಸು ಬರ್ತೀನಿ, ಮಗಳು ಇವಳ ಜಾಗಕ್ಕೆ. ಎರಡು ಜಾಗ, ಎರಡು ಜನ. ಲೆಕ್ಕ ಸರಿ ಇದೆಯಾ?"

ಗುಮಾಸ್ತರು ಪೆನ್ನಿನಿಂದ ತಲೆ ಕೆರೆದುಕೊಂಡರು, ಒಳಗೆ ಹೋಗಿ ಬಂದರು. "ಆಗುತ್ತೆ. ಆದ್ರೆ ಇವರ ರಜೆಯೆಲ್ಲ, ಸಂಬಳ ಇಲ್ಲದ್ದೂ ಸೇರಿ, ಮೂರನೇ ತಿಂಗಳ ವಾಂತೀಲೇ ಮುಗಿದಿದೆ. ಒಂಬತ್ತರಲ್ಲಿ ಒಂದು ದಿನ ಬರ್ಲಿಲ್ಲ ಅಂದ್ರೂ ಹಳೇ ರಾಜೀನಾಮೆ ಕಾಗದವೇ ಲೆಕ್ಕಕ್ಕೆ."

ಹೊರಗೆ ಬಂದಾಗ ನಾನು ಅವಳ ಕೈ ಹಿಡಿದೆ. ಅವಳು ಬಿಡಿಸಿಕೊಂಡಳು.

"ಥ್ಯಾಂಕ್ಸ್ ಗೀಂಕ್ಸ್ ಬೇಡ. ನನಗೆ ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಒದ್ದೆ ಬಟ್ಟೆ ಗಂಟು ಮಗಳ ಕೈಲಿ ಎತ್ತಿಸು, ಕೇಳ್ತಾ? ಏನಾದ್ರೂ ಆದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ, ದುಡ್ಡು ಹಾಳಾಗಿ ಹೋಗಲಿ."

ಒಂದನೇ ತಾರೀಖಿಗೆ ಬಂದ ಮಗಳು ಒಳ್ಳೆಯವಳು, ಕೆಲಸ ಗೊತ್ತಿಲ್ಲದವಳು. ಮೂಲೆ ತಪ್ಪಿಸುತ್ತಿದ್ದಳು, ಬಟ್ಟೆ ನೆಲಕ್ಕೆ ಬೀಳುತ್ತಿತ್ತು, ಮತ್ತೆ ಒಗೆಯಲು ಹೋಗುತ್ತಿತ್ತು. ಅವಳು ಒಂದು ಗಂಟು ಎತ್ತುವಷ್ಟರಲ್ಲಿ ಮೂರು ಬಂದು ಕೂರುತ್ತಿದ್ದವು. ಮೇಸ್ತ್ರಿ ಬಂದು ನೋಡಿ ಹೋಗುತ್ತಿದ್ದ. ಎರಡನೆಯ ದಿನದಿಂದ ಅವಳ ಬೆನ್ನ ಹಿಂದೆ ನಾನೂ ಎತ್ತತೊಡಗಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಸೊಂಟದಿಂದ ಒಂದು ನೋವು ಹೊರಟು ಹೊಟ್ಟೆಯನ್ನು ಸುತ್ತಿ ಬಿಗಿಯಿತು. ನಾನು ತಳ್ಳುಗಾಡಿಯ ಅಂಚು ಹಿಡಿದು ನೆಲಕ್ಕೆ ಕುಸಿದೆ. ಹುಡುಗಿ ಬೆಡ್‌ಶೀಟು ಬಿಟ್ಟು ಬಂದಳು.

"ಅಕ್ಕ, ಮುಖ ಬೆಳ್ಳಗಾಗಿದೆ. ಡಾಕ್ಟರು ಇದೇ ಕಟ್ಟಡದಲ್ಲಿದಾರೆ."

"ತೋರಿಸಿದ್ರೆ ಮಲಗು ಅಂತಾರೆ."

"ಮಲಗಿ ಮತ್ತೆ. ಅಮ್ಮನಿಗೆ ಫೋನು ಮಾಡ್ತೀನಿ."

ನಾನು ಅವಳ ಮಣಿಕಟ್ಟು ಹಿಡಿದೆ. ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವಳು ಹಲ್ಲು ಕಚ್ಚಿದಳು. "ಬೇಡ. ಅವಳು ಬಂದ್ರೆ ಎಳ್ಕೊಂಡು ಹೋಗ್ತಾಳೆ. ಇನ್ನು ಐದು ದಿನ. ನಿನ್ನ ಮಕ್ಕಳ ಮೇಲಾಣೆ, ಹೇಳಬೇಡ."

"ನನ್ನ ಮಕ್ಕಳನ್ನ ಯಾಕೆ ತರ್ತೀರ ಇದರಲ್ಲಿ?" ಅವಳು ಕೈ ಕಿತ್ತುಕೊಂಡಳು.

ನೋವು ನಿಧಾನಕ್ಕೆ ಸಡಿಲವಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಒಳಗೆ ಏನೂ ಅಲುಗಲಿಲ್ಲ. ಇನ್ನಷ್ಟು ಕಾದೆ. ಆಚೆ ರೋಲರು ಯಾರೂ ಹಿಡಿಯದ ಬೆಡ್‌ಶೀಟುಗಳನ್ನು ನೆಲಕ್ಕೆ ಸುರಿಯುತ್ತಲೇ ಇತ್ತು. ಕೊನೆಗೆ ಪಕ್ಕೆಯ ಕೆಳಗೆ, ಬಹಳ ಕೆಳಗೆ, ಒಂದು ಸಣ್ಣ ತಿವಿತ.

"ಎಬ್ಬಿಸು ನನ್ನ" ಅಂದೆ.

ಮೇಸ್ತ್ರಿಯ ಬೂಟಿನ ಸದ್ದು ಕಾರಿಡಾರಿನ ಆ ತುದಿಯಿಂದ ಬರುತ್ತಿತ್ತು. ಹುಡುಗಿ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಎರಡೂ ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ನಿಲ್ಲಿಸಿದಳು.