ಬಿಗಿ ಒರೆ

ಕುಲುಮೆ ಮನೆ ಕತ್ತಲಾಗಿರಬೇಕು ಎಂದು ನನ್ನ ಮಾವ ಬಾಯಿ ಬಡಿದುಕೊಂಡರೂ ನನ್ನ ಗಂಡ ಕೇಳಲಿಲ್ಲ. ಸೋರುತ್ತಿದ್ದ ತಗಡು ತೆಗೆದು ಬೆಳಕು ಬೀಳುವ ಪ್ಲಾಸ್ಟಿಕ್ ಹೊದಿಸಿಬಿಟ್ಟ. ಕತ್ತಲಿದ್ದರೇ ಕಾದ ಉಕ್ಕಿನ ಕೆಂಪು ಸರಿಯಾಗಿ ಕಾಣುವುದು. ಬೆಳಕಿನಲ್ಲಿ ಅದು ಮಂಕಾಗಿ, ಇನ್ನಷ್ಟು ಕಾಯಲಿ ಎನಿಸುತ್ತದೆ. ನಿನ್ನೆ ಆ ಬೆಳಕಿನಲ್ಲೇ ಮಾವ ಎರಡು ಚಾಕು ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ನನಗೆ ಇದೆಲ್ಲ ಗೊತ್ತು, ಆದರೆ ಉಕ್ಕು ಜಾಸ್ತಿ ಕಾದೀತು ಎಂದು ಮಾವನಿಗೆ ಹೇಳುವವರು ಯಾರು? ಅವರು ತಪ್ಪು ಒಪ್ಪಿಕೊಂಡಿದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ.

ಇವತ್ತು ಬೆಳಗ್ಗೆ ಎರಡನೆಯದರ ಸೊಟ್ಟ ತೆಗೆಯಲು ಒಂದು ಸಣ್ಣ ಏಟು ಹಾಕಿದರು, ಅಷ್ಟೇ. ಬಡಿಯುವ ಅಡೆಗಲ್ಲಿನ ಮೇಲೆ ಎರಡು ತುಂಡು. ಮುರಿದ ಕಡೆ ಸಕ್ಕರೆಯಂತೆ ಹರಳು ಹರಳು.

"ಜಾಸ್ತಿ ಕಾದ್ಬಿಟ್ಟಿದೆ," ಎಂದರು. "ಇನ್ನೊಂದು?"

ಇನ್ನೊಂದನ್ನು, ನಾನು ಹೊಲಿದ ಚರ್ಮದ ಒರೆ ಸಮೇತ, ನನ್ನ ಗಂಡ ಆಗಲೇ ತನ್ನ ಅಕ್ಕನಿಗೆ ಕೊಟ್ಟು ಬಂದಿದ್ದ. ಅತ್ತಿಗೆಯದು ಮಾಂಸದಂಗಡಿ. ಮೂಳೆಯ ಮೇಲೆ ಆಕೆ ಹಾಕುವ ಏಟು ರಸ್ತೆಯ ತುದಿಗೆ ಕೇಳುತ್ತದೆ. ಅಂಥ ಏಟಿಗೆ ಅಲಗು ಮುರಿದು ಚೂರು ಕಣ್ಣಿಗೆ ಹಾರಿದರೆ? ಫೋನ್ ಮಾಡಿದೆ, ಎತ್ತಲಿಲ್ಲ. ಕೈಯೆಲ್ಲ ರಕ್ತವಾಗಿರುವಾಗ ಯಾರು ಎತ್ತುತ್ತಾರೆ? ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ.

ದಾರಿಯುದ್ದಕ್ಕೂ ಆ ಏಟಿನ ಸದ್ದಿಗೆ ಕಿವಿಗೊಟ್ಟೆ. ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ಇನ್ನೂ ಹೆದರಿಕೆಯಾಯಿತು.

ಅಂಗಡಿಯಲ್ಲಿ ಅತ್ತಿಗೆ ಚಾಕುವಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಒರೆಯನ್ನು ಮೊಣಕಾಲ ನಡುವೆ ಒತ್ತಿ, ಹಲ್ಲು ಕಚ್ಚಿ ಎಳೆಯುತ್ತಿದ್ದಳು. ಪಕ್ಕದಲ್ಲೇ ಒರೆ ಸೀಳಲು ಕತ್ತರಿ ಇಟ್ಟುಕೊಂಡಿದ್ದಳು.

"ಬಂದ್ಯಾ ಮಹಾರಾಯ್ತಿ! ಒರೆ ಹೊಲಿದಿದೀಯೋ, ಚಾಕುನ ಜೈಲಿಗೆ ಹಾಕಿದೀಯೋ? ಗಿರಾಕಿಗಳು ನನ್ನ ಕುಸ್ತಿ ನೋಡಿ ನಗ್ತಾ ಇದಾರೆ!"

ಚರ್ಮವನ್ನು ಒದ್ದೆಯಿದ್ದಾಗಲೇ ಅಲಗಿನ ಮೇಲೆ ಹೊಲಿದಿದ್ದೆ. ಒಣಗಿದ ಮೇಲೆ ಸಡಿಲ ಮಾಡಿಕೊಡುವ ಮೊದಲೇ ನನ್ನ ಗಂಡ ಎತ್ತಿಕೊಂಡು ಹೋಗಿದ್ದ. ಅದು ಬಿಗಿದು ಅಲಗನ್ನು ಕಚ್ಚಿ ಹಿಡಿದಿತ್ತು. ಸದ್ಯ, ಅದಿನ್ನೂ ಮೂಳೆಗೆ ಬಿದ್ದಿರಲಿಲ್ಲ; ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಕೊಡಿ ಅಕ್ಕ. ನನ್ನ ಕೆಲ್ಸ ಸರಿಯಾಗಿಲ್ಲ. ಬೇರೆ ತಂದುಕೊಡ್ತೀನಿ."

"ಅಪ್ಪ ಅಷ್ಟು ಚೆನ್ನಾಗಿ ಮಾಡಿಕೊಟ್ರೆ ನೀನು ಹಾಳು ಮಾಡಿದ್ಯಲ್ಲೇ!"

ತಲೆ ತಗ್ಗಿಸಿ ಹೂಂ ಎಂದೆ. ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರೆದುರು ಮಾವನ ಕೆಲಸ ಕೆಟ್ಟಿದೆ ಎನ್ನದೆ, ಚಾಕುವನ್ನು ಒರೆ ಸಮೇತ ಎತ್ತಿಕೊಂಡು ಹೊರಟೆ.

ಮನೆಗೆ ಬಂದಾಗ ನನ್ನ ಗಂಡ ಹಳೆಯ ತಗಡು ಹೊತ್ತು ಏಣಿ ಹತ್ತುತ್ತಿದ್ದ. ಮಾವ ಬಾಗಿಲಲ್ಲೇ ನಿಂತಿದ್ದರು. ಚಾಕು ಒರೆಯಲ್ಲೇ ಇರುವುದನ್ನು ಕಂಡು ಜಗಲಿಯ ಮೇಲೆ ಕೂತರು.

"ಏನಂದ್ಲು?"

"ಒರೆ ಬಿಗಿ ಅಂದ್ರು. ನನ್ನ ತಪ್ಪು ಅಂತ ಹೇಳಿ ತಂದೆ."

ಅವರು ಒರೆ ಸೀಳಿ ಅಲಗನ್ನು ಹೊರತೆಗೆದರು. ಅಡೆಗಲ್ಲಿನ ಮೇಲಿಟ್ಟು ಮೆಲ್ಲಗೆ ಬಡಿದರು. ಅದೂ ಮುರಿಯಿತು. ತುಂಡುಗಳನ್ನು ಬದಿಗಿಟ್ಟು, ಕೈ ಚಾಚಿ ನನ್ನ ಫೋನ್ ಕೇಳಿದರು. ಈ ಸಲ ಅತ್ತಿಗೆ ಎತ್ತಿದಳು.

"ನಾನು ಕಣಮ್ಮ, ಅಪ್ಪ," ಎಂದರು. "ತಪ್ಪು ಒರೇದಲ್ಲ. ನಂದು."